ಎಲೆಕ್ಟ್ರಿಕ್ ಗಿಟಾರಿನ ಮರ ಯಾವ ಕಾಡಿನದು?

ಒಮ್ಮೆ ನನ್ನ ಎಲೆಕ್ಟ್ರಿಕ್ ಗಿಟಾರಿನ ನೆಕ್, ಅಂದರೆ ಅದರ ಉದ್ದನೆಯ ಕತ್ತು, ಬಿಚ್ಚಬೇಕಾಗಿ ಬಂತು. ತಂತಿಗಳು ಕತ್ತಿನ ಮೇಲಿನ ಲೋಹದ ಅಡ್ಡಗೆರೆಗಳಾದ ಫ್ರೆಟ್ಟುಗಳಿಂದ ತೀರಾ ಮೇಲಕ್ಕೆ ಎದ್ದಿದ್ದವು, ನೆಕ್ಕಿನ ಬುಡಕ್ಕೆ ತೆಳ್ಳನೆಯ ಪಟ್ಟಿಯೊಂದನ್ನು ಕೊಟ್ಟು ಓರೆ ಸರಿಪಡಿಸಬೇಕಿತ್ತು. ಬೆನ್ನಿನ ಕಡೆಯ ನಾಲ್ಕು ಸ್ಕ್ರೂ ತೆಗೆದದ್ದೇ ನೆಕ್ ಕಳಚಿ ಕೈಗೆ ಬಂತು. ಅದು ಕೂತಿದ್ದ ಗುಳಿಯಲ್ಲಿ ಬಣ್ಣ ಅಷ್ಟಾಗಿ ಇರಲಿಲ್ಲ, ಬರಿಯ ಮರ ಕಾಣುತ್ತಿತ್ತು. ತಿಳಿ ಕಿತ್ತಳೆ ಬೆರೆತ ಕಂದು, ನುಣುಪಾದ ಎಳೆ, ನಡುವೆ ಕೂದಲಿನಷ್ಟು ಸಣ್ಣ ಗೆರೆ. ಎರಡು ಹಲಗೆಗಳನ್ನು ಅಂಟಿಸಿದ ಜಾಗ ಅದು. ಕೈಯಲ್ಲಿದ್ದ ನೆಕ್ ಬೆಣ್ಣೆಯ ಬಣ್ಣದ್ದು. ಅದರ ಮೇಲಿನ ಫಿಂಗರ್‌ಬೋರ್ಡ್ ಎಂಬ ಬೆರಳೊತ್ತುವ ಪಟ್ಟಿ ಗಾಢ ಕಂದು, ಅಲ್ಲಲ್ಲಿ ನೇರಳೆ ಛಾಯೆ.

ಗಿಟಾರಿನ ಮೈಯಾದ ಬಾಡಿ ಆಲ್ಡರ್, ನೆಕ್ ಮೇಪಲ್, ಫಿಂಗರ್‌ಬೋರ್ಡ್ ಬೀಟೆ. ಆಲ್ಡರ್ ಬೆಳೆಯುವುದು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಮಳೆಕಾಡಿನಲ್ಲಿ. ಮೇಪಲ್ ಅದೇ ಖಂಡದ ಇನ್ನೊಂದು ತುದಿಯ ಚಳಿ ನಾಡಿನದು. ಬೀಟೆ ಪಶ್ಚಿಮ ಘಟ್ಟದ ಮರ. ಎಷ್ಟೋ ವರ್ಷ ನುಡಿಸಿದ ವಾದ್ಯದೊಳಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಕಾಡುಗಳು ಅಂಟಿಕೊಂಡು ಕೂತಿವೆ ಎಂದು ಆವತ್ತಿನ ತನಕ ನಾನು ಯೋಚಿಸಿರಲಿಲ್ಲ. ಈ ಮರಗಳೇ ಯಾಕೆ, ಬೇರೆ ಮರ ಯಾಕಲ್ಲ ಎಂದು ಕೆದಕುತ್ತ ಹೋದಾಗ ಸಿಕ್ಕ ಉತ್ತರ ಸಂಗೀತದ್ದಕ್ಕಿಂತ ಹೆಚ್ಚಾಗಿ ಸಾಮಿಲ್ಲಿನದು, ಪ್ರವಾಹದ್ದು, ಒಂದು ಹುಳುವಿನದು, ಕಸ್ಟಮ್ಸ್ ಕಾಗದಪತ್ರದ್ದು.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಅಕೂಸ್ಟಿಕ್ ಗಿಟಾರಿನಲ್ಲಿ ಮೇಲಿನ ತೆಳು ಹಲಗೆಯೇ ಅದುರಿ ಗಾಳಿಯನ್ನು ಅಲುಗಿಸುತ್ತದೆ, ನಾವು ಕೇಳುವುದು ಆ ಹಲಗೆಯ ದನಿಯನ್ನೇ. ಗಟ್ಟಿ ಬಾಡಿಯ ಎಲೆಕ್ಟ್ರಿಕ್ ಗಿಟಾರ್ ಹಾಗಲ್ಲ. ಅಲ್ಲಿ ಪಿಕಪ್ ಎಂಬ ಅಯಸ್ಕಾಂತವಿದೆ, ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ತಂತಿ. ಮೇಲೆ ಉಕ್ಕಿನ ತಂತಿ ಅದುರಿದಾಗ ಅಯಸ್ಕಾಂತದ ಕ್ಷೇತ್ರ ಕದಲಿ ತಾಮ್ರದ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನೇ ದೊಡ್ಡದು ಮಾಡುತ್ತದೆ. ಪಿಕಪ್‌ಗೆ ಗೊತ್ತಾಗುವುದು ಉಕ್ಕಿನ ಅಲುಗಾಟ ಮಾತ್ರ. ಮರ ತಂತಿಯ ಅದುರುವಿಕೆಯನ್ನು ಒಂದಿಷ್ಟು ಹೀರಬಹುದು, ಒಂದಿಷ್ಟು ಉಳಿಸಬಹುದು, ಅಷ್ಟೇ. ಮರದ ಜಾತಿಯಿಂದ ದನಿ ಎಷ್ಟು ಬದಲಾಗುತ್ತದೆ ಎಂಬ ಜಗಳ ಗಿಟಾರ್ ನುಡಿಸುವವರಲ್ಲಿ ಮುಗಿಯುವಂಥದ್ದಲ್ಲ. ಪಿಕಪ್ಪಿನದೂ ಆಂಪ್ಲಿಫೈಯರಿನದೂ ಪಾಲು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು ಎನ್ನುವವರ ಪಕ್ಷ ನನ್ನದು. ತೂಕ, ಗಟ್ಟಿತನ, ಹವೆ ಬದಲಾದರೂ ಬಾಗದೆ ನಿಲ್ಲುವ ಗುಣ, ಇವು ಮಾತ್ರ ಪೂರ್ತಿ ಮರದ ಮೇಲೇ ನಿಂತಿವೆ.

ಚರಿತ್ರೆಯೂ ಇದನ್ನೇ ಹೇಳುತ್ತದೆ. 1930ರ ದಶಕದ ಮೊದಲಲ್ಲಿ ರಿಕನ್‌ಬ್ಯಾಕರ್ ಕಂಪನಿ ಮಾರಾಟಕ್ಕೆ ತಂದ, ಬಾಣಲೆಯ ಆಕಾರಕ್ಕೆ 'ಫ್ರೈಯಿಂಗ್ ಪ್ಯಾನ್' ಎಂದೇ ಹೆಸರಾದ ಎಲೆಕ್ಟ್ರಿಕ್ ಗಿಟಾರಿನಲ್ಲಿ ಮರವೇ ಇರಲಿಲ್ಲ. ಅದು ಅಲ್ಯೂಮಿನಿಯಮ್ ಎರಕ. 1940ರ ಸುಮಾರಿಗೆ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಮಾಡಿಕೊಂಡ 'ಲಾಗ್' ಎಂಬ ಗಿಟಾರಿನ ಜೀವಾಳ ನಾಲ್ಕಿಂಚಿಗೆ ನಾಲ್ಕಿಂಚಿನ ಪೈನ್ ತೊಲೆ. ಗಿಟಾರಿನ ಹಾಗೆ ಕಾಣಲಿ ಎಂದು ಅದರ ಎರಡು ಬದಿಗೆ ಬೇರೊಂದು ಗಿಟಾರಿನ ರೆಕ್ಕೆಗಳನ್ನು ಸಿಕ್ಕಿಸಿದ್ದರು. ಫೆಂಡರ್ ಗಿಟಾರ್ ಕಂಪನಿ ಕಟ್ಟಿದ ಲಿಯೋ ಫೆಂಡರ್ ಅವರ ಮೊದಲ ಪ್ರಯೋಗಗಳೂ ಪೈನ್ ಮರದವೇ. 1950ರಲ್ಲಿ ಅವರ ಗಟ್ಟಿ ಬಾಡಿಯ ಗಿಟಾರ್ ಮಾರುಕಟ್ಟೆಗೆ ಬರುವ ಹೊತ್ತಿಗೆ ಆ್ಯಶ್ ಮರ ಬಂದಿತ್ತು. 1954ರ ಅವರ ಸ್ಟ್ರಾಟೊಕ್ಯಾಸ್ಟರ್ ಮಾದರಿಯೂ ಆ್ಯಶ್. 1956ರ ಸುಮಾರಿಗೆ ಬಹುಪಾಲು ಬಾಡಿಗಳು ಆಲ್ಡರ್‌ಗೆ ತಿರುಗಿದವು. ಆ್ಯಶ್ ಮರದ ಎಳೆಯಲ್ಲಿ ದೊಡ್ಡ ರಂಧ್ರಗಳಿವೆ, ಬಣ್ಣ ಹೊಡೆಯುವ ಮೊದಲು ಅವನ್ನೆಲ್ಲ ಮೆತ್ತಿ ತುಂಬಬೇಕು. ಆಲ್ಡರ್‌ಗೆ ಆ ರಗಳೆ ಇಲ್ಲ. ಜೊತೆಗೆ ಅಗ್ಗ, ಕ್ಯಾಲಿಫೋರ್ನಿಯಾದ ಕಾರ್ಖಾನೆಗೆ ಅದೇ ಕರಾವಳಿಯ ಉತ್ತರದಿಂದ ಬಂದಿಳಿಯುತ್ತಿತ್ತು. ಇಂದು 'ಕ್ಲಾಸಿಕ್ ಟೋನ್' ಎಂದು ಭಕ್ತಿಯಿಂದ ಹೇಳುವ ಆಯ್ಕೆಯ ಹಿಂದೆ ಇದ್ದದ್ದು ಬಣ್ಣದ ಕೋಣೆಯ ಅನುಕೂಲ ಮತ್ತು ಹತ್ತಿರದ ಮರ. ನನಗೆ ಇದು ಸಣ್ಣ ಮಾತೆನಿಸುವುದಿಲ್ಲ. ಅನುಕೂಲಕ್ಕೆ ಹಿಡಿದ ಮರ ಸಂಪ್ರದಾಯವಾಗಿ ಬಿಟ್ಟಿತು, ಆ ಸಂಪ್ರದಾಯಕ್ಕಾಗಿ ಈಗ ಜಗತ್ತಿನ ಕಾಡುಗಳನ್ನು ಹುಡುಕುತ್ತಿದ್ದೇವೆ.

ಗಿಟಾರಿಗೆ ಬರುವ ರೆಡ್ ಆಲ್ಡರ್ ವಾಷಿಂಗ್ಟನ್, ಒರೆಗಾನ್, ಬ್ರಿಟಿಷ್ ಕೊಲಂಬಿಯಾಗಳ ಮರ. ಅಲ್ಲಿ ರಾಜ ಮರ್ಯಾದೆ ಡಗ್ಲಾಸ್ ಫರ್‌ಗೆ. ಆಲ್ಡರ್ ಬಹುಕಾಲ ಕಳೆ ಎನಿಸಿಕೊಂಡಿತ್ತು, ಫರ್ ಸಸಿಗಳ ಬಿಸಿಲನ್ನು ಕದಿಯುತ್ತದೆ ಎಂದು ಅದನ್ನು ಕಡಿದು, ಔಷಧಿ ಹೊಡೆದು ನಾಶ ಮಾಡುತ್ತಿದ್ದರು. ಭೂಮಿ ಕುಸಿದಲ್ಲಿ, ಬೆಂಕಿ ಬಿದ್ದಲ್ಲಿ, ಮರ ಕಡಿದು ಬೋಳಾದಲ್ಲಿ ಎಲ್ಲಕ್ಕಿಂತ ಮೊದಲು ಏಳುವ ಮರ ಇದು. ಹದವಾದ ಜಾಗ ಸಿಕ್ಕರೆ ಐದೇ ವರ್ಷಕ್ಕೆ 9 ಮೀಟರ್ ಎತ್ತರಕ್ಕೆ ಹೋಗಬಲ್ಲದು. ಅಷ್ಟು ಬೇಗ ಬೆಳೆಯುವ ಗುಟ್ಟು ಬೇರಿನಲ್ಲಿದೆ. ದ್ವಿದಳ ಧಾನ್ಯದ ಗಿಡಗಳ ಹಾಗೆ ಆಲ್ಡರ್ ಬೇರಿಗೂ ಗಂಟುಗಳಿವೆ, ಅವುಗಳೊಳಗೆ ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾ ಕೂತು ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುತ್ತದೆ. ಹೀಗೆ ಬಡಕಲು ಮಣ್ಣನ್ನು ಫಲವತ್ತು ಮಾಡಿಟ್ಟು, ಅರವತ್ತು ಎಪ್ಪತ್ತು ವರ್ಷಕ್ಕೆ ಆಲ್ಡರ್ ಮುದಿಯಾಗುತ್ತದೆ. ಆ ಮಣ್ಣಿನಲ್ಲಿ ಮುಂದೆ ಫರ್, ಸೀಡರ್ ಬೆಳೆಯುತ್ತವೆ. ಕಳೆ ಎಂದು ಕಿತ್ತದ್ದು ಕಾಡಿನ ದಾದಿಯನ್ನು.

ಹಸಿ ಆಲ್ಡರ್ ಕಡಿದಾಗ ಒಳಗೆ ಬಿಳಿ. ಗಾಳಿ ತಾಕಿದ ಸ್ವಲ್ಪ ಹೊತ್ತಿಗೆ ಕೊಯ್ದ ಮುಖ ಕೆಂಪೇರಿ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಗುಳಿಯಲ್ಲಿ ನಾನು ಕಂಡ ಕಿತ್ತಳೆ ಛಾಯೆ ಅದರ ಪಳೆಯುಳಿಕೆ. ಈ ದಿಮ್ಮಿಗಳಲ್ಲಿ ಹೆಚ್ಚಿನವು ಹೋಗುವುದು ಪೀಠೋಪಕರಣಕ್ಕೂ ಅಡುಗೆಮನೆಯ ಕಪಾಟಿಗೂ. ಗಿಟಾರಿಗೆ ಬರುವುದು ಗಂಟಿಲ್ಲದ, ಹಗುರವಾದ, ದಪ್ಪ ಹಲಗೆಯ ಸಣ್ಣ ಪಾಲು. ಒಂದು ಬಾಡಿ ಸುಮಾರು 45 ಮಿಲಿಮೀಟರ್ ದಪ್ಪ, 13 ಇಂಚು ಅಗಲ. ಅಷ್ಟು ಅಗಲದ ಒಂದೇ ಹಲಗೆ ಆಲ್ಡರ್‌ನಂಥ ಸಣ್ಣ ಮರದಲ್ಲಿ ಸಿಗುವುದು ಅಪರೂಪ, ಹಾಗಾಗಿ ಎರಡೋ ಮೂರೋ ತುಂಡು ಅಂಟಿಸುತ್ತಾರೆ. ಒಂದೇ ತುಂಡಿನ ಬಾಡಿಗೆ ಹೆಚ್ಚು ಹಣ ಕೇಳುವವರಿದ್ದಾರೆ. ಸರಿಯಾಗಿ ಅಂಟಿಸಿದ ಕೀಲು ಮರಕ್ಕಿಂತ ಗಟ್ಟಿ. ತುಂಡುಗಳ ಲೆಕ್ಕ ಕಣ್ಣಿಗೆ ಮಾತ್ರ ಸಂಬಂಧಪಟ್ಟದ್ದು.

ಕೊಯ್ದ ಹಲಗೆ ಕೂಡಲೇ ಗಿಟಾರಾಗುವುದಿಲ್ಲ. ಅದನ್ನು ಬಿಸಿ ಕೋಣೆಯಲ್ಲಿ ನಿಧಾನವಾಗಿ ಒಣಗಿಸಿ ತೇವವನ್ನು ಶೇಕಡಾ 6ರಿಂದ 8ಕ್ಕೆ ಇಳಿಸಬೇಕು. ಅವಸರ ಮಾಡಿದರೆ ಹೊರಗೆ ಬಿಗಿದು ಒಳಗೆ ಸೀಳುತ್ತದೆ, ಅರೆಬರೆ ಒಣಗಿಸಿದರೆ ಮುಂದೆಂದೋ ಗಿಟಾರ್ ಆದ ಮೇಲೆ ತಿರುಚುತ್ತದೆ.

ಆ್ಯಶ್ ಕತೆ ಹೇಳುವಾಗ ಮನಸ್ಸು ಭಾರವಾಗುತ್ತದೆ. ಗಿಟಾರಿನವರು 'ಸ್ವಾಂಪ್ ಆ್ಯಶ್' ಎನ್ನುವುದು ಒಂದು ಜಾತಿಯ ಹೆಸರಲ್ಲ, ಒಂದು ಜಾಗದ ಹೆಸರು. ಮಿಸಿಸಿಪ್ಪಿ ನದಿಯ ಕೆಳಹರಿವಿನ ಜವುಗು ತಗ್ಗುಗಳಲ್ಲಿ ವರ್ಷದ ಹಲವು ತಿಂಗಳು ನೀರಿನಲ್ಲಿ ನಿಲ್ಲುವ ಆ್ಯಶ್ ಮರಗಳಿವೆ, ಹೆಚ್ಚಿನವು ಗ್ರೀನ್ ಆ್ಯಶ್. ನೀರಿನಲ್ಲಿ ಮುಳುಗುವ ಬುಡದ ಭಾಗದಲ್ಲಿ ಜೀವಕೋಶಗಳ ಗೋಡೆ ತೆಳ್ಳಗಾಗಿ ಮರ ಆಶ್ಚರ್ಯಪಡುವಷ್ಟು ಹಗುರವಾಗುತ್ತದೆ. ಅದೇ ಮರದ ಮೇಲಿನ ಭಾಗ ಬೇಸ್‌ಬಾಲ್ ಬ್ಯಾಟು ಮಾಡುವಷ್ಟು ಗಟ್ಟಿ, ಭುಜಕ್ಕೆ ನೇತುಹಾಕಿಕೊಳ್ಳುವ ವಾದ್ಯಕ್ಕೆ ಭಾರ. ಅಂದರೆ ಗಿಟಾರಿಗೆ ಬೇಕಾದದ್ದು ಬುಡದ ಕೆಲವು ಅಡಿ ಮಾತ್ರ. ನೀರು ಇಳಿದು ನೆಲ ಗಟ್ಟಿಯಾದ ಕೆಲವೇ ತಿಂಗಳಲ್ಲಿ ಅದನ್ನು ಕಡಿದು ಹೊರಗೆ ತರಬೇಕು. ಇತ್ತೀಚೆಗೆ ಆ ಬಯಲಿನಲ್ಲಿ ಪ್ರವಾಹ ಹೆಚ್ಚು ಕಾಲ ನಿಲ್ಲತೊಡಗಿ, ಒಳಗೆ ಹೋಗುವುದೇ ಕಷ್ಟವಾಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಎಮರಾಲ್ಡ್ ಆ್ಯಶ್ ಬೋರರ್ ಎಂಬ ಕೊರಕ ಜೀರುಂಡೆ. ಒಂದು ಸೆಂಟಿಮೀಟರಿಗಿಂತ ತುಸು ಉದ್ದ, ಪಚ್ಚೆ ಹಸಿರು, ಲೋಹದ ಹೊಳಪು. ನೋಡಲು ಒಡವೆಯ ಹಾಗಿರುತ್ತದೆ. ಮೂಲ ಈಶಾನ್ಯ ಏಷ್ಯಾ. ಅಲ್ಲಿನ ಆ್ಯಶ್ ಮರಗಳಿಗೆ ಅದರ ಜೊತೆ ಬಾಳಿ ಗೊತ್ತು, ಅಮೆರಿಕದ ಮರಗಳಿಗೆ ಗೊತ್ತಿಲ್ಲ. ಸರಕಿನ ಕಟ್ಟಿಗೆಯ ಪೆಟ್ಟಿಗೆಗಳಲ್ಲಿ ಅಡಗಿ ಬಂದಿರಬೇಕು ಎಂದು ನಂಬಲಾಗಿದೆ. 2002ರಲ್ಲಿ ಡೆಟ್ರಾಯಿಟ್ ಬಳಿ ಮೊದಲು ಗುರುತಿಸಿದರು. ಮರಿಹುಳು ತೊಗಟೆಯ ಕೆಳಗೆ ಹಾವಿನ ಹಾಗೆ ಸುತ್ತಿ ಬಳಸಿ ಸುರಂಗ ತೋಡುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಗೆ ಅಂಟಿದ ಆ ತೆಳು ಪದರದಲ್ಲೇ. ಸುರಂಗಗಳು ಮರವನ್ನು ಸುತ್ತುವರಿದರೆ ಮರ ಹಸಿವಿನಿಂದ ಸಾಯುತ್ತದೆ, ಸಾಮಾನ್ಯವಾಗಿ ಮೂರರಿಂದ ಐದು ವರ್ಷದೊಳಗೆ. ದೊಡ್ಡದಾದ ಜೀರುಂಡೆ ಹೊರಬಂದ ಗುರುತಿಗೆ ತೊಗಟೆಯಲ್ಲಿ ಅರ್ಧಚಂದ್ರದಂಥ ಪುಟ್ಟ ತೂತು ಉಳಿಯುತ್ತದೆ. ಕೋಟಿಗಟ್ಟಲೆ ಮರ ಹೀಗೆ ಸತ್ತಿವೆ. 2017ರಲ್ಲಿ ಗ್ರೀನ್ ಆ್ಯಶ್ ಸೇರಿ ಉತ್ತರ ಅಮೆರಿಕದ ಐದು ಆ್ಯಶ್ ಜಾತಿಗಳು ಅಂತರರಾಷ್ಟ್ರೀಯ ಕೆಂಪು ಪಟ್ಟಿಯ 'ತೀವ್ರ ಅಪಾಯ'ದ ಸಾಲಿಗೆ ಸೇರಿದವು. 2020ರಲ್ಲಿ ಫೆಂಡರ್ ಕಂಪನಿ ಪ್ರವಾಹ ಮತ್ತು ಹುಳು ಎರಡನ್ನೂ ಹೆಸರಿಸಿ, ಆ್ಯಶ್ ಮರವನ್ನು ಇನ್ನು ಆಯ್ದ ಕೆಲವು ಮಾದರಿಗಳಿಗೆ ಮಾತ್ರ ಬಳಸುವುದಾಗಿ ಪ್ರಕಟಿಸಿತು. ಎಪ್ಪತ್ತು ವರ್ಷದ ನಂಟು ಸಡಿಲವಾಯಿತು.

ಗಿಬ್ಸನ್ ಹಿಡಿದ ದಾರಿ ಬೇರೆ. ಬಹುಕಾಲದಿಂದ ವಾದ್ಯ ತಯಾರಿಸುತ್ತಿದ್ದ ಆ ಕಂಪನಿಯ ಕೈಯಲ್ಲಿ ಮಹಾಗನಿ ಮೊದಲೇ ಇತ್ತು. 1952ರ ಲೆಸ್ ಪಾಲ್ ಮಾದರಿಯಲ್ಲಿ ಮಹಾಗನಿ ಬಾಡಿಯ ಮೇಲೆ ಮೇಪಲ್ ಹೊದಿಕೆ ಇಟ್ಟರು. ಈ ಮಹಾಗನಿ ಮೆಕ್ಸಿಕೋದ ದಕ್ಷಿಣದಿಂದ ಅಮೆಜಾನ್ ತನಕ ಹಬ್ಬಿದ ದೊಡ್ಡೆಲೆಯ ಜಾತಿ. ಅದಕ್ಕೂ ಮುಂಚೆ ಕೆರಿಬಿಯನ್ ದ್ವೀಪಗಳ ಮಹಾಗನಿಯನ್ನು ಹಡಗಿಗೆ, ಮೇಜಿಗೆ, ಕಪಾಟಿಗೆ ಕಡಿದು ಮುಗಿಸಿದ್ದಾಗಿತ್ತು. ದೊಡ್ಡೆಲೆಯದ್ದೂ ಅದೇ ಹಾದಿ ಹಿಡಿದಾಗ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್ ಅದನ್ನು ತನ್ನ ಎರಡನೇ ಪಟ್ಟಿಗೆ ಸೇರಿಸಿತು. 2003ರ ನವೆಂಬರಿನಿಂದ ಅದರ ನಾಟಾ ಗಡಿ ದಾಟಲು ಪರವಾನಗಿ ಬೇಕು.

ಆ ಪಟ್ಟಿಯಲ್ಲಿರುವುದು ಮರದ ತವರಿನಲ್ಲಿ ಬೆಳೆದದ್ದು ಮಾತ್ರ. ಬೇರೆಡೆ ನೆಟ್ಟು ಬೆಳೆಸಿದ್ದಕ್ಕೆ ಆ ನಿಯಮವಿಲ್ಲ. ಫಿಜಿ ದ್ವೀಪಗಳಲ್ಲಿ ಬ್ರಿಟಿಷರು ತಮ್ಮ ಆಳ್ವಿಕೆಯಲ್ಲಿ ಮಹಾಗನಿ ನೆಡಿಸಿದ್ದರು. 1970ರಲ್ಲಿ ದೇಶ ಸ್ವತಂತ್ರವಾಯಿತು, ಮರಗಳು ಬೆಳೆಯುತ್ತಲೇ ಇದ್ದವು, ಈಗ ಅವು ಗಿಟಾರ್ ಕಾರ್ಖಾನೆಗಳಿಗೆ ಬರುತ್ತಿವೆ. ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ ಉದಾಹರಣೆ ಮಾತ್ರ ಗ್ವಾಟೆಮಾಲಾದ್ದು. ಅಲ್ಲಿ ಪೆಟೆನ್ ಪ್ರಾಂತ್ಯದ ಮಾಯಾ ಜೀವಗೋಳ ಮೀಸಲು ಪ್ರದೇಶದಲ್ಲಿ 1990ರ ದಶಕದಿಂದ ಕಾಡಿನ ಭಾಗಗಳನ್ನು ಹಳ್ಳಿಯ ಸಂಘಗಳಿಗೇ ದೀರ್ಘ ಗುತ್ತಿಗೆಗೆ ಕೊಟ್ಟರು. ಅವರು ಎಣಿಸಿ ಗುರುತು ಹಾಕಿದ ಕೆಲವೇ ಮಹಾಗನಿ ಮರಗಳನ್ನು ವರ್ಷಕ್ಕಿಷ್ಟು ಎಂದು ಕಡಿದು ಮಾರುತ್ತಾರೆ. ಅದೇ ಮೀಸಲಿನ, ಕಡಿಯುವುದನ್ನು ಪೂರ್ತಿ ನಿಷೇಧಿಸಿದ ಉದ್ಯಾನಗಳಲ್ಲಿ ಕೆಲವನ್ನು ದನದ ಹುಲ್ಲುಗಾವಲಿಗೆಂದು ಸುಟ್ಟು ಬೋಳು ಮಾಡಿದ್ದಾರೆ, ಹಳ್ಳಿಗರು ನೋಡಿಕೊಳ್ಳುವ ಕಾಡು ಹೆಚ್ಚುಕಡಿಮೆ ಹಾಗೇ ನಿಂತಿದೆ. ಮರದಿಂದ ಅನ್ನ ಹುಟ್ಟುವವರಿಗೆ ಮರ ಉಳಿಸುವ ಕಾರಣವೂ ಇರುತ್ತದೆ.

ಅಂಗಡಿಯ ಚೀಟಿಯಲ್ಲಿ 'ಮಹಾಗನಿ' ಎಂದು ಬರೆದದ್ದೆಲ್ಲ ಮಹಾಗನಿಯಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ಅದು ಆಗ್ನೇಯ ಏಷ್ಯಾದ ನ್ಯಾಟೋ ಆಗಿರಬಹುದು, ಆಫ್ರಿಕಾದ ಸಪೇಲೆ ಅಥವಾ ಓಕುಮೆ ಆಗಿರಬಹುದು. ಒಳ್ಳೆಯ ಮರಗಳೇ, ಸುಳ್ಳು ಹೆಸರಿನ ಹಂಗು ಅವಕ್ಕೆ ಬೇಕಿಲ್ಲ.

ನೆಕ್ಕಿನ ವಿಷಯ ಸರಳ. ಆರು ತಂತಿಗಳು ಸೇರಿ ಸುಮಾರು 45 ಕಿಲೋ ಭಾರದಷ್ಟು ಎಳೆಯುತ್ತವೆ, ಹಗಲೂ ರಾತ್ರಿ. ಅದನ್ನು ತಡೆಯಲು ಒಳಗೆ ಉಕ್ಕಿನ ಸರಳಿದೆ, ಹೊರಗೆ ಗಟ್ಟಿ ಮೇಪಲ್. ಕೆನಡಾದ ಪೂರ್ವ ಭಾಗ ಮತ್ತು ಮಹಾಸರೋವರಗಳ ಸುತ್ತ ಬೆಳೆಯುವ ಈ ಮರದ ರಸವನ್ನೇ ಕಾಯಿಸಿ ಸಿರಪ್ ಮಾಡುವುದು. ಚಳಿಯಲ್ಲಿ ನಿಧಾನವಾಗಿ ಬೆಳೆದು ಎಳೆ ಒತ್ತಾಗಿರುತ್ತದೆ. ಈ ಮರಕ್ಕೆ ಸದ್ಯ ಕೊರತೆಯಿಲ್ಲ.

ತೊಂದರೆ ಶುರುವಾಗುವುದು ಅಲಂಕಾರದ ಮೇಪಲ್‌ನಲ್ಲಿ. ಹುಲಿಯ ಪಟ್ಟೆಯಂತೆ, ಬೆಳಕು ಬಿದ್ದ ನೀರಿನಂತೆ ಹೊಳೆಯುವ ಮೇಪಲ್ ಹಲಗೆಗಳನ್ನು ಗಿಟಾರಿನ ಮುಖಕ್ಕೆ ಅಂಟಿಸುತ್ತಾರೆ. ಪಶ್ಚಿಮ ಕರಾವಳಿಯ ಬಿಗ್‌ಲೀಫ್ ಮೇಪಲ್‌ನಲ್ಲಿ ಇಂಥ ಚಿತ್ತಾರ ಕೆಲವೇ ಮರಗಳಲ್ಲಿ ಇರುತ್ತದೆ. ಹೊರಗಿನಿಂದ ಗೊತ್ತಾಗದ ಕಾರಣ ಕಳ್ಳರು ತೊಗಟೆ ಕೆತ್ತಿ ನೋಡುತ್ತಾರೆ, ಇದ್ದರೆ ರಾತ್ರೋರಾತ್ರಿ ಉರುಳಿಸುತ್ತಾರೆ. 2018ರ ಬೇಸಿಗೆಯಲ್ಲಿ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ರಾಷ್ಟ್ರೀಯ ಅರಣ್ಯದಲ್ಲಿ ಹೀಗೆ ಕದಿಯಲು ಹೋದವರಿಗೆ ಮರದ ಬುಡದಲ್ಲಿ ಕಣಜದ ಗೂಡು ಅಡ್ಡ ಬಂತು. ಅದಕ್ಕೆ ಹಚ್ಚಿದ ಬೆಂಕಿಯೇ ಹಬ್ಬಿ 3,300 ಎಕರೆ ಕಾಡು ಸುಟ್ಟಿತು ಎಂಬುದು ಸರ್ಕಾರದ ವಾದ. 2021ರಲ್ಲಿ ಮೊಕದ್ದಮೆ ನಡೆದಾಗ, ಸಾಮಿಲ್ಲಿಗೆ ಮಾರಿದ್ದ ಹಲಗೆಗಳ ಡಿಎನ್‌ಎಯನ್ನು ಕಾಡಿನಲ್ಲಿ ಉಳಿದ ಬೊಡ್ಡೆಗಳ ಡಿಎನ್‌ಎ ಜೊತೆ ಹೋಲಿಸಿ ತೋರಿಸಿದರು. ಅಮೆರಿಕದ ಕೇಂದ್ರ ನ್ಯಾಯಾಲಯದಲ್ಲಿ ಮರದ ಡಿಎನ್‌ಎ ಸಾಕ್ಷಿಯಾದದ್ದು ಅದೇ ಮೊದಲು. ಕಳ್ಳತನ ಸಾಬೀತಾಯಿತು, ಬೆಂಕಿಯ ಆರೋಪದ ಬಗ್ಗೆ ಮಾತ್ರ ಜ್ಯೂರಿಯಲ್ಲಿ ಒಮ್ಮತ ಮೂಡಲಿಲ್ಲ.

ಗಿಟಾರಿನಲ್ಲಿ ಅತ್ಯಂತ ಸಣ್ಣ ಮರದ ತುಂಡು ಫಿಂಗರ್‌ಬೋರ್ಡ್, ಆರೇಳು ಮಿಲಿಮೀಟರ್ ದಪ್ಪದ ಪಟ್ಟಿ. ಅತಿ ದೊಡ್ಡ ತಕರಾರುಗಳು ಹುಟ್ಟಿದ್ದು ಅದರಿಂದಲೇ. ಬೆರಳಿನ ಬೆವರಿಗೂ ತಂತಿಯ ಉಜ್ಜಾಟಕ್ಕೂ ಸವೆಯದಿರಲು ಒತ್ತಾದ, ಎಣ್ಣೆಯಂಶವಿರುವ ಚೇಗು ಬೇಕು. ಅಂಥ ಚೇಗು ನಿಧಾನವಾಗಿ ಬೆಳೆಯುವ ಉಷ್ಣವಲಯದ ಮರಗಳಲ್ಲೇ ಹೆಚ್ಚು. ಮೊದಲು ಬಂದದ್ದು ಬ್ರೆಜಿಲ್ ರೋಸ್‌ವುಡ್, ಅಟ್ಲಾಂಟಿಕ್ ಕರಾವಳಿಯ ಕಾಡಿನದು. ಅದು ತೀರುತ್ತ ಬಂದಾಗ, 1960ರ ದಶಕದ ನಡುವಿನಿಂದ ಆ ಜಾಗಕ್ಕೆ ಅದೇ ರೋಸ್‌ವುಡ್ ಕುಲದ ನಮ್ಮ ಬೀಟೆ ಬಂತು. ಬ್ರೆಜಿಲ್ ಮರ 1992ರಲ್ಲಿ ಸೈಟಿಸ್‌ನ ಮೊದಲ ಪಟ್ಟಿಗೆ ಸೇರಿತು, ಅಂದರೆ ಹೊಸ ಮರದ ವ್ಯಾಪಾರ ಹೆಚ್ಚುಕಡಿಮೆ ಬಂದ್.

2017ರ ಜನವರಿ 2ರಂದು, ಮೊದಲ ಪಟ್ಟಿಯಲ್ಲಿದ್ದ ಬ್ರೆಜಿಲ್ ಮರವನ್ನು ಬಿಟ್ಟು, ಬೀಟೆಯ ಕುಲದ ಎಲ್ಲ ಮರಗಳೂ ಎರಡನೇ ಪಟ್ಟಿಗೆ ಬಂದವು. ಕಾರಣ ಗಿಟಾರ್ ಅಲ್ಲ. ಚೀನಾದಲ್ಲಿ ಹೊಂಗ್‌ಮು ಎಂಬ ಕೆಂಪು ಮರದ ಪೀಠೋಪಕರಣದ ಬೇಡಿಕೆ ಏರಿ, ಮಡಗಾಸ್ಕರ್‌ನಿಂದ ಪಶ್ಚಿಮ ಆಫ್ರಿಕಾದ ತನಕ ಕಾಡುಗಳು ಲೂಟಿಯಾಗುತ್ತಿದ್ದವು. ವಿಶ್ವಸಂಸ್ಥೆಯ ಲೆಕ್ಕದಂತೆ 2005ರಿಂದ 2014ರವರೆಗೆ ವಶಪಡಿಸಿಕೊಂಡ ವನ್ಯ ಸರಕಿನ ಮೌಲ್ಯದಲ್ಲಿ ಶೇಕಡಾ 35 ರೋಸ್‌ವುಡ್ಡಿನದೇ, ದಂತ ಅದರ ನಂತರ. ಆದರೆ ನಿಯಮ ಗಿಟಾರಿಗೂ ತಾಗಿತು. ಆರು ಮಿಲಿಮೀಟರ್ ಪಟ್ಟಿಗಾಗಿ ಇಡೀ ಗಿಟಾರಿಗೆ ರಫ್ತು ಕಾಗದ ಮಾಡಿಸಬೇಕಾಯಿತು. ಫೆಂಡರ್ ತನ್ನ ಮೆಕ್ಸಿಕೋ ಕಾರ್ಖಾನೆಯ ಗಿಟಾರ್‌ಗಳಿಗೆ ದಕ್ಷಿಣ ಅಮೆರಿಕದ ಪಾವ್ ಫೆರ್ರೊ ಹಾಕಿತು. ಬೇರೆ ಕೆಲವು ತಯಾರಕರು 'ಲಾರೆಲ್' ಎಂಬ ಹೆಸರಿನಲ್ಲಿ ಹಾಕಿದ್ದು ನಮಗೆ ಚೆನ್ನಾಗಿ ಗೊತ್ತಿರುವ ಮತ್ತಿ ಮರವನ್ನು. ಕೊನೆಗೆ 2019ರ ನವೆಂಬರಿನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಬ್ರೆಜಿಲ್ ಮರಕ್ಕೆ ಮಾತ್ರ ಇಲ್ಲ. ಈ ವಿನಾಯಿತಿ ನ್ಯಾಯವೇ ಎನಿಸುತ್ತದೆ ನನಗೆ. ಮಂಚ ಮೇಜುಗಳು ನುಂಗಿದ ಮರಕ್ಕೆ ಪಿಟೀಲು, ಕ್ಲಾರಿನೆಟ್ ನುಡಿಸುವವರನ್ನೂ ಗಡಿಯಲ್ಲಿ ನಿಲ್ಲಿಸಿದ್ದರು.

ಹಾಗೆಂದು ವಾದ್ಯದವರ ಕೈ ಶುದ್ಧ ಎನ್ನುವಂತಿಲ್ಲ. ಅಮೆರಿಕದ ಲೇಸಿ ಕಾಯ್ದೆ 1900ರದು, 2008ರ ತಿದ್ದುಪಡಿಯಿಂದ ಮರಕ್ಕೂ ಅನ್ವಯಿಸಿತು. ಬೇರೆ ದೇಶದ ಕಾನೂನು ಮುರಿದು ಕಡಿದ ಮರವನ್ನು ಕೊಳ್ಳುವುದೂ ಅಪರಾಧವಾಯಿತು. ಗಿಬ್ಸನ್ ಕಾರ್ಖಾನೆಗಳ ಮೇಲೆ 2009ರಲ್ಲಿ ಮತ್ತು 2011ರಲ್ಲಿ ದಾಳಿ ನಡೆಯಿತು. ಮಡಗಾಸ್ಕರ್ ಎಬನಿಯ ಪ್ರಕರಣದಲ್ಲಿ ಕಂಪನಿ 2012ರಲ್ಲಿ 3 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿ ವ್ಯವಹಾರ ಮುಗಿಸಿಕೊಂಡಿತು.

ಎಬನಿ, ಅಂದರೆ ಕರಿಮರ, ಈಗ ಹೆಚ್ಚಾಗಿ ಬರುವುದು ಕ್ಯಾಮರೂನ್‌ನಿಂದ. 2011ರಲ್ಲಿ ಟೇಲರ್ ಗಿಟಾರ್ಸ್ ಕಂಪನಿ ಸ್ಪೇನಿನ ಪಾಲುದಾರರೊಡನೆ ಯೌಂಡೆ ನಗರದ ಎಬನಿ ಸಾಮಿಲ್ ಒಂದನ್ನು ಕೊಂಡಿತು. ಕಂಪನಿಯ ಸ್ಥಾಪಕರಲ್ಲೊಬ್ಬರಾದ ಬಾಬ್ ಟೇಲರ್ ಅಲ್ಲಿ ತಿಳಿದುಕೊಂಡ ಸಂಗತಿ ಕೇಳಿದಾಗ ನನಗೆ ಹೊಟ್ಟೆ ಕಿವುಚಿದಂತಾಯಿತು. ಎಬನಿಯ ಒಳಗು ಕಪ್ಪೋ ಅಲ್ಲವೋ ಎಂದು ಕಡಿಯುವ ತನಕ ಗೊತ್ತಾಗುವುದಿಲ್ಲ. ಮಾರುಕಟ್ಟೆ ಕೇಳುತ್ತಿದ್ದದ್ದು ಅಪ್ಪಟ ಕಪ್ಪನ್ನು. ಹತ್ತು ಮರ ಕಡಿದರೆ ಅಂಥದ್ದು ಒಂದು ಸಿಗುತ್ತಿತ್ತು, ಕಂದು ಗೆರೆಗಳಿದ್ದ ಉಳಿದ ಒಂಬತ್ತನ್ನು ಬೆಲೆಯಿಲ್ಲವೆಂದು ಕಾಡಿನಲ್ಲೇ ಕೊಳೆಯಲು ಬಿಡುತ್ತಿದ್ದರು. ಗೆರೆಯಿದ್ದರೂ ಮರದ ಗಟ್ಟಿತನ ಅದೇ, ಬಾಳಿಕೆ ಅದೇ. ಕಂಪನಿ ಗೆರೆಯ ಎಬನಿಯನ್ನೂ ಕೊಂಡು ತನ್ನ ಗಿಟಾರ್‌ಗಳಿಗೆ ಹಾಕತೊಡಗಿತು. ಇಂದು ಫಿಂಗರ್‌ಬೋರ್ಡಿನ ಮೇಲೆ ಕಾಫಿ ಬಣ್ಣದ ಎಳೆ ಕಂಡರೆ ಅದು ದೋಷವಲ್ಲ. ನನ್ನ ಕಣ್ಣಿಗಂತೂ ಒಂದೇ ಸಮನೆ ಕಪ್ಪಿಗಿಂತ ಅದೇ ಚೆಂದ.

2016ರಿಂದ ಅಲ್ಲೇ ಕಾಂಗೋ ಬೇಸಿನ್ ಇನ್‌ಸ್ಟಿಟ್ಯೂಟ್ ಜೊತೆ ಸೇರಿ ಹಳ್ಳಿಗರ ನರ್ಸರಿಗಳಲ್ಲಿ ಎಬನಿ ಸಸಿ ಬೆಳೆಸುತ್ತಿದ್ದಾರೆ, ಜೊತೆಗೆ ಹಣ್ಣಿನ ಗಿಡಗಳನ್ನೂ. ಎಬನಿ ದಿಮ್ಮಿಯಾಗಲು ತಲೆಮಾರುಗಳೇ ಕಳೆಯಬೇಕು, ಅಲ್ಲಿಯ ತನಕ ಮನೆಗೆ ಹಣ್ಣಾದರೂ ಬರಲಿ ಎಂದು. ಈ ಕೆಲಸದ ನಡುವೆ ಸಂಶೋಧಕರು ಕಾಡಿನ ಆನೆಗಳನ್ನು ಗಮನಿಸಿದರು. ಆನೆ ಎಬನಿಯ ಹಣ್ಣನ್ನು ಇಡಿಯಾಗಿ ನುಂಗುತ್ತದೆ, ತಾಯಿ ಮರದಿಂದ ದೂರ ನಡೆದು ಲದ್ದಿ ಹಾಕುತ್ತದೆ. ಬೀಜವನ್ನು ಇಲಿ ಹೆಗ್ಗಣಗಳು ಕಡಿಯದಂತೆ ಲದ್ದಿಯೇ ಕಾಯುತ್ತದೆ. ದಂತಕ್ಕಾಗಿ ಆನೆಗಳನ್ನು ಕೊಂದು ಮುಗಿಸಿದ ಕಾಡುಗಳಲ್ಲಿ ದೊಡ್ಡ ಎಬನಿ ಮರಗಳು ಇನ್ನೂ ನಿಂತಿವೆ, ಅವುಗಳ ಕೆಳಗೆ ಎಳೆಯ ಸಸಿಗಳು ಮಾತ್ರ ಬಹಳ ಕಡಿಮೆ.